ಅಡಿಕೆಗೆ ಹೋದ ಮಾನ

ಕೊಪ್ಪದ ನಮ್ಮ ಬಡಾವಣೆಯಲ್ಲಿ ಹಿಂದಿ ಸರಿಯಾಗಿ ಬರುವುದು ನನಗೊಬ್ಬಳಿಗೇ. ಜಂಬಕ್ಕೆ ಹೇಳುತ್ತಿಲ್ಲ. ನರಸಿಂಹರಾಜಪುರದ ಸುತ್ತಿನ ಸರಕಾರಿ ಹೈಸ್ಕೂಲುಗಳಲ್ಲಿ ಮೂವತ್ತು ವರ್ಷ ಹಿಂದಿ ಕಲಿಸಿದವಳಿಗೆ ಜಂಬ ಉಳಿದಿರುವುದಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಮಕ್ಕಳು ಮರೆಯುವ ವಿಷಯ ಅದು. ನಾನು ಮದುವೆಯಾಗಲಿಲ್ಲ. ಕೆಲಸದಲ್ಲಿದ್ದಾಗಲೇ ಇಲ್ಲೊಂದು ಸೈಟು ಕೊಂಡು ಎರಡು ಕೋಣೆಯ ಮನೆ ಕಟ್ಟಿಸಿದೆ. ಸೈಟಿನ ಮೂಲೆಯಲ್ಲಿ ಮೊದಲೇ ಇದ್ದ ಆರು ಅಡಿಕೆ ಮರಗಳನ್ನು ಕಡಿಸದೆ ಉಳಿಸಿಕೊಂಡೆ.

ಬಡಾವಣೆಯ ಉಳಿದವರೆಲ್ಲ ತೋಟದವರು. ಶೃಂಗೇರಿ, ಬಾಳೆಹೊನ್ನೂರು ಕಡೆ ಅಡಿಕೆ, ಕಾಫಿ ಇದ್ದು, ಮಕ್ಕಳ ಶಾಲೆಗೆಂದು ಪೇಟೆಯಲ್ಲಿ ಮನೆ ಮಾಡಿದವರು. ಎರಡು ಕಾರು ನಿಲ್ಲುವ ಪೋರ್ಚು, ಗೇಟಿಗೊಂದು ಕ್ಯಾಮೆರಾ, ನಡುವೆ ಎಲ್ಲರಿಗೂ ಸೇರಿದ ಪಾರ್ಕು. ಕೆಟ್ಟವರೇನಲ್ಲ. ನನಗೆ ಜ್ವರ ಬಂದರೆ ಕಾರಿನಲ್ಲಿ ಆಸ್ಪತ್ರೆಗೆ ಬಿಟ್ಟು ಬರುತ್ತಾರೆ. ಆದರೆ ಹನ್ನೊಂದು ವರ್ಷದಲ್ಲಿ ನನ್ನ ಮನೆಯಲ್ಲಿ ಒಂದು ಲೋಟ ಕಾಫಿ ಕುಡಿದವರಿಲ್ಲ. ಕೆರೆಕಟ್ಟೆಯಲ್ಲಿ ಕಾಡಿನ ಸಸಿ ನೆಡುವ ಕೂಲಿಗೆ ಹೋಗುತ್ತಿದ್ದವಳ ಮಗಳು ನಾನು ಅನ್ನುವುದು ಎಲ್ಲರಿಗೂ ಗೊತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಿಲ್ಲ. "ಈಗಷ್ಟೇ ಕುಡ್ಕಂಡು ಬಂದೆ ಟೀಚರೇ" ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಎಲ್ಲರೂ ಈಗಷ್ಟೇ ಕುಡಿದುಕೊಂಡೇ ಬರುತ್ತಿದ್ದಾರೆ.

ಎರಡು ವರ್ಷದ ಹಿಂದೆ ನನ್ನ ಪಕ್ಕದ ಖಾಲಿ ಸೈಟಿನ ಶೆಡ್ಡಿಗೆ ಅಸ್ಸಾಮಿನ ಗಂಡ ಹೆಂಡತಿ ಬಂದು ಸೇರಿದರು. ಸೈಟಿನ ಯಜಮಾನರು ಬಾಳೆಹೊನ್ನೂರಿನ ಹತ್ತಿರ ಇರುವವರು. ಸಾಮಾನು ಕಾಯಲು ಜನ ಬೇಕೆಂದು ಇವರನ್ನು ಇಟ್ಟಿದ್ದರು. ಗಂಡ ಟೈಲ್ಸ್ ಹಾಕುವವನು. ನಮ್ಮಲ್ಲಿಗೆ ಬರುವ ಮೊದಲು ಒಂದಷ್ಟು ಕಾಲ ಬೇಗಾರಿನ ಕಡೆ ಮನೆ ಕಟ್ಟುವವರ ಜೊತೆ ಇದ್ದನಂತೆ. ಹೆಂಡತಿಗೆ ಇಪ್ಪತ್ತೆರಡು, ಇಪ್ಪತ್ಮೂರು ಇರಬಹುದು. ನಾಲ್ಕು ಮನೆಯ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದಳು. ಅವರ ಹೆಸರು ಬರೆಯುವುದಿಲ್ಲ. ಹೆಸರು ಸಿಕ್ಕರೆ ಸಾಕು, ಅದರ ಬಾಲ ಹಿಡಿದು ಜಾತಿ ಧರ್ಮ ಎಳೆದು ತೆಗೆಯುವ ಊರು ನಮ್ಮದು. ಬಡಾವಣೆಯವರಿಗೂ ಹೆಸರಿನ ಅಗತ್ಯ ಬೀಳಲಿಲ್ಲ. ಅವರಿಗೆ ಇವರು "ಹಿಂದಿಯವರು"; ಸಿಟ್ಟು ಬಂದ ದಿನ "ಬಾಂಗ್ಲಾದವರು". ಇವರ ಮನೆಮಾತು ಹಿಂದಿ ಅಲ್ಲ ಎಂದು ನಾನು ಒಮ್ಮೆ ಹೇಳಿದೆ. "ಎಲ್ಲ ಒಂದೇ ಅಲ್ದಾ" ಅಂದರು.

ಹಾಗೆ ನಾನು ಅವರ ಮತ್ತು ಬಡಾವಣೆಯ ನಡುವಿನ ಬಾಯಿಯಾದೆ. ಬಟ್ಟೆ ಎಲ್ಲಿ ಒಣಗಿಸಬೇಕು, ಯಾವ ನಲ್ಲಿ ಮುಟ್ಟಬಾರದು, ಎಲ್ಲದಕ್ಕೂ ನನಗೆ ಕರೆ. ನಾನು ಹೋಗುತ್ತಿದ್ದೆ. ನಿಜ ಹೇಳಬೇಕೆಂದರೆ ಖುಷಿಯಿಂದಲೇ ಹೋಗುತ್ತಿದ್ದೆ. ನಿವೃತ್ತಳಾದ ಮೇಲೆ ಯಾರಿಗಾದರೂ ನಾನು ಬೇಕಾದದ್ದು ಅದೇ ಮೊದಲು.

ಒಂದು ಸಂಜೆ ಆ ಟೈಲ್ಸ್ ಹುಡುಗ ಕೆಲಸ ಮುಗಿಸಿ ಬಂದು ಪಾರ್ಕಿನ ಬೆಂಚಿನ ಮೇಲೆ ಕೂತಿದ್ದ. ಎದುರು ಮನೆಯ ಯಜಮಾನರು ನನ್ನನ್ನು ಬೆಂಚಿನ ಪಕ್ಕದಲ್ಲೇ ಇರುವ ತಮ್ಮ ಗೇಟಿಗೆ ಕರೆದರು. ಅವರು ನಮ್ಮ ಬಡಾವಣೆ ಸಂಘದ ಅಧ್ಯಕ್ಷರು. ಬೇಗಾರಿನಲ್ಲಿ ದೊಡ್ಡ ಅಡಿಕೆ ತೋಟ ಇದೆ.

"ಟೀಚರೇ, ಅವನಿಗೊಂದು ಮಾತು ಹೇಳಿ. ಹೆಣ್ಣುಮಕ್ಳು ಓಡಾಡೋ ಜಾಗ. ಇಂಥವ್ರೆಲ್ಲ ಬೆಂಚಲ್ಲಿ ಬಂದು ಕೂತ್ರೆ ಎಂತ ಚೆಂದ? ನಾಳೆಯಿಂದ ಕೂರೋದು ಬೇಡ."

ನಾನು ಹೋಗಿ ಆ ಹುಡುಗನಿಗೆ ಹಿಂದಿಯಲ್ಲಿ, "ಬೆಂಚಿಗೆ ಬಣ್ಣ ಬಳಿಯುತ್ತಾರಂತೆ. ಒಣಗುವ ತನಕ ಕೂರಬೇಡ" ಅಂದೆ. ಅವನು ತಕ್ಷಣ ಎದ್ದು ಪ್ಯಾಂಟು ಕೊಡವಿಕೊಂಡು ಹೋದ. ಅಧ್ಯಕ್ಷರು ಗೇಟಿನಿಂದಲೇ ತಲೆಯಾಡಿಸಿದರು. ಇಬ್ಬರಿಗೂ ನೋವಾಗದಂತೆ ಮಾಡಿದೆನೆಂದು ನನಗೆ ಹೆಮ್ಮೆ. ಎರಡು ವಾರ ಕಳೆದ ಮೇಲೆ ಆ ಹುಡುಗ ಕಾಂಪೌಂಡಿನ ಆಚೆಯಿಂದ ಕೇಳಿದ, "ದೀದಿ, ಬಣ್ಣ ಒಣಗಿತಾ?" ಇನ್ನೂ ಇಲ್ಲ, ಈ ಹವೆಯಲ್ಲಿ ಬೇಗ ಒಣಗುವುದಿಲ್ಲ ಎಂದೆ. ಅವನು ಸುಮ್ಮನೆ ನಕ್ಕ. ಆಮೇಲೆ ಕೇಳಲಿಲ್ಲ.

ಅವನ ಹೆಂಡತಿ ನನ್ನ ಮನೆಗೂ ಕೆಲಸಕ್ಕೆ ಬರತೊಡಗಿದಳು. ನನಗೆ ಕೆಲಸದವಳ ಅಗತ್ಯ ಇರಲಿಲ್ಲ. ಒಬ್ಬಳು ಉಂಡ ತಟ್ಟೆ ಎಷ್ಟಿರುತ್ತದೆ? ಮನೆಯಲ್ಲಿ ಇನ್ನೊಂದು ಜೊತೆ ಕಾಲಿನ ಸದ್ದು ಇರಲಿ ಅಂತಷ್ಟೇ ಇಟ್ಟುಕೊಂಡೆ. ಮೊದಲ ದಿನ ಅವಳಿಗೆ ಚಹಾ ಕೊಡುವಾಗ ನನ್ನ ಕೈ ತಾನಾಗಿ ಹೋಗಿ ಹಿಡಿ ಮುರಿದ ಹಳೇ ಕಪ್ಪನ್ನು ಹುಡುಕಿತು. ಅದರಲ್ಲಿ ಹೊಯ್ದು ಹಿಂಬಾಗಿಲ ಮೆಟ್ಟಿಲ ಮೇಲೆ ಇಟ್ಟೆ. ಅವಳು ಕುಡಿದು, ತೊಳೆದು, ಕಪ್ಪನ್ನು ಗೋಡೆಯ ಮೇಲೆ ಬೋರಲು ಹಾಕಿದಳು.

ಬೋರಲು ಹಾಕಿದ ಆ ಕಪ್ಪನ್ನು ನೋಡಿ ನನಗೆ ಅಮ್ಮ ನೆನಪಾದಳು. ಅಡಿಕೆ ಸುಲಿಯುವ ಕಾಲದಲ್ಲಿ ಅಮ್ಮ ಬೇಗಾರಿನ ಮನೆಗಳಿಗೆ ಹೋಗುತ್ತಿದ್ದಳು. ನಾನೂ ಜೊತೆಗೆ. ಅಲ್ಲಿ ಕೊಟ್ಟಿಗೆಯ ಗೋಡೆಯ ಮೇಲೆ ನಮಗೆಂದೇ ಒಂದು ಲೋಟ ಇತ್ತು. ಕುಡಿದಾದ ಮೇಲೆ ಅಮ್ಮ ಅದನ್ನು ಹೀಗೆಯೇ ತೊಳೆದು ಹೀಗೆಯೇ ಬೋರಲು ಹಾಕುತ್ತಿದ್ದಳು. ಅಂಥ ಲೋಟದಲ್ಲಿ ಕುಡಿದು ಬೆಳೆದವಳು ನಾನು, ಇನ್ನೊಬ್ಬಳಿಗೆ ಅದೇ ಲೋಟ ಇಟ್ಟೆ. ಕಲಿತ ವಿದ್ಯೆ ಎಂದರೆ ಇದೇ ಇರಬೇಕು. ಮರುದಿನ ಆ ಕಪ್ಪನ್ನು ಕಸಕ್ಕೆ ಎಸೆದು, ಅವಳನ್ನು ಅಡುಗೆಮನೆಯೊಳಗೆ ಕರೆದು, ನನ್ನದೇ ಸ್ಟೀಲ್ ಲೋಟದಲ್ಲಿ ಕೊಟ್ಟೆ. ಅವಳಿಗೆ ಅದರಲ್ಲೇನೂ ವಿಶೇಷ ಕಾಣಲಿಲ್ಲ.

ಅವಳು ಮಧ್ಯಾಹ್ನ ಎಲ್ಲ ಮನೆಯ ಕೆಲಸ ಮುಗಿಸಿ ಕೊನೆಗೆ ನನ್ನಲ್ಲಿಗೆ ಬರುತ್ತಿದ್ದಳು. ಇಬ್ಬರೂ ಹಿಂಬಾಗಿಲಲ್ಲಿ ಕೂತು ಕವಳ ಹಾಕುತ್ತಿದ್ದೆವು. ಅವರ ಊರಿನಲ್ಲೂ ಎಲೆ ಅಡಿಕೆಯೇ ಮರ್ಯಾದೆ. ಮನೆಗೆ ಬಂದವರಿಗೆ ನೀರಿಗಿಂತ ಮೊದಲು ಅದನ್ನೇ ಕೊಡುತ್ತಾರಂತೆ, ತಪ್ಪಾಯಿತೆಂದು ಕೇಳಿಕೊಳ್ಳುವಾಗಲೂ ಅದನ್ನೇ ಮುಂದಿಡುತ್ತಾರಂತೆ. ಆದರೆ ನಮ್ಮ ಬೇಯಿಸಿ ಒಣಗಿಸಿದ ಕೆಂಪಡಿಕೆ ಅವಳಿಗೆ ಸೇರುತ್ತಿರಲಿಲ್ಲ. ಕಲ್ಲು ಜಗಿದ ಹಾಗಿದೆ ಅನ್ನುತ್ತಿದ್ದಳು. ಅವರಲ್ಲಿ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಮಡಕೆಗೆ ತುಂಬಿ, ಬಾಯಿಗೆ ಬಾಳೆಲೆ ಕಟ್ಟಿ ಮಣ್ಣು ಮೆತ್ತಿ, ನೆಲದಲ್ಲಿ ಹೂತಿಡುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ತೆಗೆದರೆ ಮೆತ್ತಗೆ, ಘಾಟಾಗಿ, ತಿಂದವರ ಕಿವಿ ಬಿಸಿಯಾಗುವ ಹಾಗೆ ಇರುತ್ತದಂತೆ. ನಾನು ನಕ್ಕೆ. ಅಡಿಕೆ ಕೊಳೆಯಬಾರದೆಂದು ಮಳೆಗಾಲವಿಡೀ ಔಷಧಿ ಹೊಡೆಯುವ ಸೀಮೆಯವಳು ನಾನು.

ಮೊನ್ನೆಯ ಜನವರಿಯಲ್ಲಿ ಅವಳು ನಾಲ್ಕು ತಿಂಗಳ ಬಸುರಿ ಎಂದು ಗೊತ್ತಾಯಿತು. ಆಶಾ ಕಾರ್ಯಕರ್ತೆಯನ್ನು ಹಿಡಿದು ತಾಯಿ ಕಾರ್ಡ್ ಮಾಡಿಸಿದೆ. ಹೆರಿಗೆ ಇಲ್ಲೇ, ಕೊಪ್ಪದ ಸರಕಾರಿ ಆಸ್ಪತ್ರೆಯಲ್ಲಿ. ಜೊತೆಗೆ ಇರುವವಳು ನಾನು ಎಂದು ತೀರ್ಮಾನವಾಯಿತು. ನನ್ನ ಹಳೇ ಸೀರೆಗಳನ್ನು ಒಗೆದು ಹರಿದು ಮಗುವಿಗೆ ಬಟ್ಟೆ ಮಾಡಿಟ್ಟೆ. ಅರವತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ನನಗೆ ಕಾಯುವುದಕ್ಕೊಂದು ದಿನ ಸಿಕ್ಕಿತ್ತು.

ಅದೇ ವಾರ ಅವಳು ನನ್ನ ಮರದ ಹಣ್ಣಡಿಕೆ ಕೇಳಿದಳು. ಮಗು ಹುಟ್ಟಿದ ಮೇಲೆ ನೋಡಲು ಬಂದವರಿಗೆ ಕೊಡಲು ಒಂದು ಮಡಕೆ ಹೂತಿಡಬೇಕಂತೆ. "ಇಲ್ಲಿ ನೋಡಲು ಯಾರು ಬರುತ್ತಾರೆ?" ಎಂದು ಕೇಳಿದೆ. "ನೀವು ಬರುತ್ತೀರಲ್ಲ, ದೀದಿ" ಅಂದಳು. ಉದುರಿದ್ದು, ಗೊನೆಯಲ್ಲಿದ್ದದ್ದು ಎಲ್ಲ ಸೇರಿಸಿ ಒಂದು ಬುಟ್ಟಿ ಕೊಟ್ಟೆ. ಶೆಡ್ಡಿನ ಹಿಂದೆ, ಪಾರ್ಕಿನ ಬೇಲಿಯ ಪಕ್ಕ ತಂಪು ಜಾಗ ನೋಡಿ ಗಂಡ ಗುಂಡಿ ತೋಡಿದ. ನಾನೇ ಮಡಕೆಯ ಬಾಯಿಗೆ ಬಾಳೆಲೆ ಹಿಡಿದಿದ್ದೆ.

ಏಪ್ರಿಲ್ಲಿನಲ್ಲಿ ಅಧ್ಯಕ್ಷರ ಮನೆಯ ತಾರಸಿಯಿಂದ ಒಣಗಿದ ಅಡಿಕೆಯ ಒಂದು ಮೂಟೆ ಕಾಣೆಯಾಯಿತು. ಮೂರು ದಿನ ಬಡಾವಣೆಯಲ್ಲಿ ಅದೇ ಮಾತು. ನಾಲ್ಕನೇ ದಿನ ಪಾರ್ಕಿಗೆ ನೀರಿನ ಪೈಪು ಎಳೆಯಲು ಬೇಲಿಯ ಪಕ್ಕ ಅಗೆಯುವಾಗ ಗುದ್ದಲಿ ತಾಗಿ ಮಡಕೆ ಒಡೆಯಿತು. ಘಾಟು ಎರಡು ಮನೆಯ ತನಕ ಹೋಯಿತು. ಜನ ಸೇರಿದರು. ಒಳಗೆ ಅಡಿಕೆ.

ಅಡಿಕೆ ಕೈಯಲ್ಲಿ ಹಿಡಿದರೆ ಯಾವ ಊರಿನ ತೋಟದ್ದು ಎಂದು ಹೇಳಬಲ್ಲ ಜನ ನಮ್ಮವರು. ತಾರಸಿಯಲ್ಲಿ ಒಣಗಿ ಗಲಗಲ ಅನ್ನುವ ಅಡಿಕೆಗೂ ಮಡಕೆಯಲ್ಲಿ ಕೊಳೆತ ಹಣ್ಣಿಗೂ ಇರುವ ವ್ಯತ್ಯಾಸ ಅವರ ಮಕ್ಕಳಿಗೂ ಗೊತ್ತು. ಮೂಟೆಗೂ ಮಡಕೆಗೂ ಇರುವ ವ್ಯತ್ಯಾಸವೂ ಗೊತ್ತು. ಅವತ್ತು ಮಾತ್ರ ಒಬ್ಬರೂ ಬಗ್ಗಿ ಒಂದು ಅಡಿಕೆ ಎತ್ತಿ ನೋಡಲಿಲ್ಲ. ಅಡಿಕೆಯನ್ನು ಯಾರಾದರೂ ಬೇಕೆಂದೇ ಕೊಳೆಸುತ್ತಾರೆ ಅನ್ನುವುದು ಅವರ ತಲೆಗೆ ಹೊಳೆಯುವ ವಿಷಯವೇ ಅಲ್ಲ. ಕದ್ದವನು ಹೂತಿಟ್ಟ, ಮಾರುವ ಮೊದಲು ಕೊಳೆಯಿತು. ಅಷ್ಟೇ ಲೆಕ್ಕ.

ಸಂಜೆ ಪಾರ್ಕಿನಲ್ಲಿ ಸಭೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಗುಂಡಗೆ ಹಾಕಿದ್ದರು. ನನಗೆ ಅಧ್ಯಕ್ಷರ ಪಕ್ಕದಲ್ಲೇ ಕುರ್ಚಿ. ಹಿಂದಿನ ಸಭೆಗಳಲ್ಲಿ ನಾನು ಕೂರುತ್ತಿದ್ದದ್ದು ಕೊನೆಯಲ್ಲಿ. ಗಂಡ ಹೆಂಡತಿ ನಡುವೆ ನಿಂತಿದ್ದರು. ಅವಳಿಗೆ ಏಳು ತಿಂಗಳು. ಹಿಂದೆ ಬೆಂಚು ಖಾಲಿಯಾಗಿಯೇ ಇತ್ತು.

ಶುರುವಿಗೆ ಮೊದಲು ಅಧ್ಯಕ್ಷರು ನನ್ನ ಕಡೆ ಬಾಗಿದರು. "ನೋಡಿ ಟೀಚರೇ, ಅವ್ರು ಎಂತ ಹೇಳ್ತಾರೆ ಅಂತ ನಮಗಂತೂ ತಿಳಿಯದಿಲ್ಲ. ನೀವು ನಮ್ಮೋರು. ನೀವು ಹೇಳಿದ್ದು ನಂಬ್ತೀವಿ."

ನೀವು ನಮ್ಮೋರು. ಹನ್ನೊಂದು ವರ್ಷದಲ್ಲಿ ಆ ಮಾತನ್ನು ನಾನು ಕೇಳಿರಲಿಲ್ಲ. ಅಧ್ಯಕ್ಷರ ಹೆಂಡತಿ ಫ್ಲಾಸ್ಕಿನಿಂದ ಎಲ್ಲರಿಗೂ ಕಾಫಿ ಕೊಡುತ್ತಾ ನನಗೂ ಅದೇ ತರಹದ ಕಪ್ಪಿನಲ್ಲಿ ಕೊಟ್ಟರು. ನಾನು ಕುಡಿದೆ. ನಾಚಿಕೆಯಿಂದಲೇ ಹೇಳುತ್ತೇನೆ, ಆ ಕಾಫಿ ರುಚಿಯಾಗಿತ್ತು.

ಅಡಿಕೆ ಎಲ್ಲಿಂದ ಬಂತು ಎಂದು ಕೇಳಲು ಹೇಳಿದರು. ಕೇಳಿದೆ. ಆ ಹುಡುಗ ನನ್ನ ಮುಖವನ್ನೇ ನೋಡುತ್ತಾ ಹಿಂದಿಯಲ್ಲಿ ನಿಧಾನವಾಗಿ ಹೇಳಿದ. "ದೀದಿ, ನೀವೇ ಕೊಟ್ಟದ್ದಲ್ಲವಾ? ನಿಮ್ಮ ಮರದ್ದು. ಹೂಳುವಾಗ ನೀವೂ ಇದ್ದಿರಿ. ಇವರಿಗೆ ಅದನ್ನೇ ಹೇಳಿಬಿಡಿ."

ಎಷ್ಟು ಸಣ್ಣ ಮಾತು. ಹೌದು, ನಾನೇ ಕೊಟ್ಟದ್ದು ಅಂದರೆ ಮುಗಿಯುತ್ತಿತ್ತು. ಆದರೆ ಅದರ ಹಿಂದೆಯೇ ಬರುವ ಪ್ರಶ್ನೆಗಳು ನನಗೆ ಕೇಳಿಸಿದವು. ಎಂತಕ್ಕೆ ಕೊಟ್ರಿ? ಅವರ ಜೊತೆ ಕೂತು ಕವಳ ಹಾಕ್ತೀರಾ? ಅಡುಗೆಮನೆಗೂ ಬಿಟ್ಕಂತೀರಾ? ಆಮೇಲೆ ಯಾರೂ ಏನೂ ಅನ್ನುವುದಿಲ್ಲ. ಮುಂದಿನ ಸಭೆಯಲ್ಲಿ ನನ್ನ ಕುರ್ಚಿ ಮತ್ತೆ ಕೊನೆಗೆ ಹೋಗುತ್ತದೆ.

"ಅವರ ಊರಲ್ಲಿ ಹೀಗೆ ಅಡಿಕೆ ಹೂತಿಟ್ಟು ತಿನ್ನೋ ಪದ್ಧತಿ ಇದೆಯಂತೆ" ಎಂದೆ.

ಯಾರೋ ನಕ್ಕರು. "ಅಡಿಕೆ ಎಲ್ಲಿಂದಂತೆ?" ಎಂದು ಅಧ್ಯಕ್ಷರು ಕೇಳಿದರು.

"ಅಲ್ಲಿ ಇಲ್ಲಿ ಬಿದ್ದದ್ದನ್ನು ಆರಿಸಿದ್ದಂತೆ."

ನಮ್ಮ ಕಡೆ ಬಿದ್ದ ಅಡಿಕೆಯೂ ಮರದ ಯಜಮಾನನದೇ. ದಾರಿಗೆ ಉರುಳಿದ್ದನ್ನು ಆರಿಸಿ ಸೆರಗಿಗೆ ಹಾಕಿಕೊಂಡರೂ ಕಳ್ಳತನವೇ. ಚಿಕ್ಕವಳಿದ್ದಾಗ ಅದಕ್ಕೇ ಬೇಗಾರಿನಲ್ಲಿ ಬೆನ್ನಿಗೆ ಏಟು ತಿಂದಿದ್ದೇನೆ. ನಾನು ಆಡಿದ ಮಾತಿಗೆ ಏನರ್ಥ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕಳ್ಳರು ಎಂದು ನಾನು ಹೇಳಲಿಲ್ಲ ಅನ್ನುವ ಸಮಾಧಾನ ಮಾತ್ರ ಇಟ್ಟುಕೊಂಡೆ.

"ಮತ್ತೆಂತ ಬೇಕು" ಎಂದರು ಅಧ್ಯಕ್ಷರು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರದಿಲ್ಲ ಅಂತಾರೆ. ಪೊಲೀಸು ಗಿಲೀಸು ಎಲ್ಲ ಬೇಡ. ಬಸುರಿ ಹೆಂಗಸು. ಎರಡು ದಿನದಲ್ಲಿ ಶೆಡ್ ಖಾಲಿ ಮಾಡ್ಲಿ." ಸೈಟಿನ ಯಜಮಾನರಿಗೆ ಅಲ್ಲೇ ಫೋನು ಹೋಯಿತು. ಅವರೂ ಆಗಲಿ ಅಂದರು. ಇದನ್ನು ಮಾತ್ರ ನಾನು ಏನೂ ಬದಲಾಯಿಸದೆ ಹಿಂದಿಯಲ್ಲಿ ಹೇಳಿದೆ.

ಅವಳು ನನ್ನ ಕೈ ಹಿಡಿದು, "ನೀವು ಹೇಳಿದರೂ ಇವರು ನಂಬಲಿಲ್ಲವಾ ದೀದಿ?" ಎಂದು ಕೇಳಿದಳು. ನಾನು ಇಲ್ಲವೆಂದು ತಲೆಯಾಡಿಸಿದೆ. ಗಂಡ ಏನೂ ಕೇಳಲಿಲ್ಲ.

ಅವರು ಹೊರಟದ್ದು ಬೆಳಗಿನ ಶಿವಮೊಗ್ಗ ಬಸ್ಸಿಗೆ. ಅಲ್ಲಿಂದ ಬೆಂಗಳೂರು, ಅಲ್ಲಿಂದ ಮೂರು ದಿನದ ರೈಲು. ಏಳು ತಿಂಗಳ ಬಸುರಿ. ಬೇರೆ ಕಡೆ ಬಾಡಿಗೆಗೆ ಮನೆ ಹುಡುಕೋಣ ಎಂದು ನಾನು ಹೇಳಿದ್ದೆ. ಕಳ್ಳರು ಅನ್ನಿಸಿಕೊಂಡ ಊರಿನಲ್ಲಿ ಹೆರಿಗೆ ಬೇಡ ಎಂದಳು. ಹರಿದಿಟ್ಟ ಸೀರೆಯ ಬಟ್ಟೆಗಳನ್ನು ಕಟ್ಟಿ ಕೊಟ್ಟೆ. ಅವಳು ಒಂದು ತಟ್ಟೆಯಲ್ಲಿ ಎರಡು ಎಲೆ, ಎರಡು ಅಡಿಕೆ ಇಟ್ಟುಕೊಂಡು ನನ್ನ ಬಾಗಿಲಿಗೆ ಬಂದಳು. ಅಡಿಕೆ ಒಡೆದ ಮಡಕೆಯದು. ಮಣ್ಣಿನಲ್ಲಿ ಬಿದ್ದದ್ದನ್ನು ಆರಿಸಿ ತೊಳೆದಿದ್ದಳು. ಹೊಟ್ಟೆ ಹಿಡಿದು ಕಷ್ಟಪಟ್ಟು ಬಾಗಿ, ಎರಡೂ ಕೈಯಿಂದ ಮುಂದೆ ಹಿಡಿದು, "ನಮ್ಮಿಂದ ನಿಮಗೂ ಕೆಟ್ಟ ಹೆಸರು ಬಂತು. ತಪ್ಪಾಯಿತು ದೀದಿ" ಅಂದಳು. ನಾನು ತೆಗೆದುಕೊಂಡೆ. ಗಂಡ ಆಚೆ ಬ್ಯಾಗಿನ ಬಾಯಿಗೆ ಹಗ್ಗ ಕಟ್ಟುತ್ತಿದ್ದ. ನನ್ನ ಕಡೆ ತಿರುಗಲಿಲ್ಲ.

ಒಳಗೆ ಬಂದು ಆ ಅಡಿಕೆ ಬಾಯಿಗೆ ಹಾಕಿಕೊಂಡೆ. ಅವಳು ಹೇಳಿದ ಹಾಗೆಯೇ ಕಿವಿ ಬಿಸಿಯಾಯಿತು, ತಲೆ ಸುತ್ತಿತು. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಒಂದು ತಿಂಗಳ ನಂತರ ಅಧ್ಯಕ್ಷರು ಗಿಡಕ್ಕೆ ನೀರು ಹಾಕುತ್ತಾ ಕಾಂಪೌಂಡಿನ ಆಚೆಯಿಂದ ಮಾತಿಗೆ ಸಿಕ್ಕರು. "ಆ ಮೂಟೆ ಕತೆ ಕೇಳಿದ್ರಾ? ನಮ್ಮ ಅಳಿಯನೇ ಎನ್.ಆರ್. ಪುರದ ಮಂಡಿಗೆ ಬೇರೆ ಮೂಟೆ ಜೊತೆ ಹೊರಿಸಿದ್ನಂತೆ. ನಂಗೆ ಹೇಳೋದೇ ಮರೆತಿದ್ದ ಮಾರಾಯ್ರೆ." ನಗುತ್ತಿದ್ದರು.

"ಆ ಮಡಕೆಯ ಅಡಿಕೆ ನಂದು" ಎಂದೆ. "ನನ್ನ ಮರದ್ದು. ನಾನೇ ಕೊಟ್ಟದ್ದು."

ಅವರು ನೀರಿನ ಪೈಪನ್ನು ಗುಲಾಬಿಯಿಂದ ದಾಸವಾಳಕ್ಕೆ ತಿರುಗಿಸಿದರು. "ಹೌದಾ? ಮತ್ತೆ ಅವತ್ತೇ ಹೇಳದಲ್ವಾ ಟೀಚರೇ?" ಅಂದರು. ಅವರ ಧ್ವನಿಯಲ್ಲಿ ಸಿಟ್ಟಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇತ್ತು.

ಅದಾದ ಮೇಲೆ ಅವರ ಮನೆಯ ಅರಿಶಿನ ಕುಂಕುಮಕ್ಕೆ ಮೊದಲ ಸಲ ನನಗೂ ಕರೆ ಬಂತು. ಬೆಳ್ಳಿ ತಟ್ಟೆಯಲ್ಲಿ ಎಲೆ ಅಡಿಕೆ ಕೊಟ್ಟರು. ಮನೆಗೆ ತಂದು ಮೇಜಿನ ಮೇಲೆ ಇಟ್ಟೆ. ಎಲೆ ಅಲ್ಲೇ ಒಣಗಿತು. ಈಗ ಮಧ್ಯಾಹ್ನ ಹಿಂಬಾಗಿಲು ತೆಗೆಯುವುದಿಲ್ಲ. ಟಿವಿ ಹಾಕಿಕೊಂಡು ಕೂರುತ್ತೇನೆ, ಏನು ಬರುತ್ತಿದೆ ಎಂದು ನೋಡುವುದಿಲ್ಲ. ಒಂಟಿತನ ನನಗೆ ಹೊಸದಲ್ಲ. ಅದನ್ನು ನಾನೇ ಕೈಯಾರೆ ತಂದುಕೊಂಡದ್ದು ಮಾತ್ರ ಇದೇ ಮೊದಲು.

ಮೊನ್ನೆ ಫೋನಿಗೆ ಒಂದು ಫೋಟೋ ಬಂತು. ಹೆಣ್ಣು ಮಗು, ಸುತ್ತಿದ್ದು ನನ್ನ ಹಳೇ ನೀಲಿ ಸೀರೆ. ಅದರ ಕೆಳಗೆ ಒಂದು ಧ್ವನಿ ಸಂದೇಶ. ಅವಳು ಹಿಂದಿಯಲ್ಲಿ, ಮೊದಲಿಗಿಂತ ಗಟ್ಟಿಯಾಗಿ ಹೇಳುತ್ತಿದ್ದಳು: "ದೀದಿ, ಇವಳಿಗೆ ನಿಮ್ಮ ಫೋಟೋ ತೋರಿಸಿದೆ. ನಮಗೋಸ್ಕರ ಅಷ್ಟು ಜನರ ಎದುರು ಮಾತಾಡಿದ ಅಜ್ಜಿ ಇವರು ಅಂತ ಹೇಳಿದೆ." ಮಗು ಕುಸುಕುಸು ಅಂದದ್ದು ಕೇಳಿಸಿತು. ಆಮೇಲೆ ಫೋನು ಗಂಡನ ಕೈಗೆ ಹೋಯಿತು. ಈಗ ಅವನ ಧ್ವನಿ.

"ಟೀಚರೇ, ಬೆಂಚಿನ ಬಣ್ಣ ಒಣಗ್ತಾ? ನಮ್ದೆಂತ ತೊಂದ್ರೆ ಇಲ್ಲ. ನೀವು ಹುಷಾರಾಗಿರಿ."

ಕನ್ನಡ. ನಮ್ಮ ಊರಿನ ಕನ್ನಡ, ಬೇಗಾರಿನ ಗಾರೆಯವರ ಜೊತೆ ದುಡಿದು ಕಲಿತದ್ದು. ನನ್ನೆದುರು ಒಂದು ದಿನವೂ ಅವನು ಅದನ್ನು ಆಡಿರಲಿಲ್ಲ. ಹಿಂದಿ ನನಗೆ ಎಷ್ಟು ಹೆಮ್ಮೆಯದೆಂದು ಅವನಿಗೆ ಗೊತ್ತಿತ್ತೋ ಏನೋ. ಹಾಗಾದರೆ ಬೆಂಚಿನ ದಿನ ಅಧ್ಯಕ್ಷರು ಗೇಟಿನಲ್ಲಿ ನಿಂತು ಹೇಳಿದ್ದು ಅವನಿಗೆ ಕೇಳಿಸಿತ್ತು. ಸಭೆಯಲ್ಲಿ ನಾನು ಅಲ್ಲಿ ಇಲ್ಲಿ ಅಂದದ್ದೂ ಕೇಳಿಸಿತ್ತು. ಅವನು ಅಲ್ಲೇ ಬಾಯಿ ತೆರೆದು ಕನ್ನಡದಲ್ಲಿ ಹೇಳಬಹುದಿತ್ತು. ಅವನ ಮಾತನ್ನು ಯಾರು ನಂಬುತ್ತಿದ್ದರು? ಹೆಂಡತಿಗೆ ಅವನು ಇವತ್ತಿಗೂ ಹೇಳಿಲ್ಲ. ಮಗಳಿಗೆ ಅವಳು ನನ್ನ ಫೋಟೋ ತೋರಿಸುವಾಗಲೂ ಪಕ್ಕದಲ್ಲಿ ಸುಮ್ಮನೆ ಕೂತಿದ್ದ.

ಸಂದೇಶವನ್ನು ಎಷ್ಟು ಸಲ ಕೇಳಿದೆನೋ ಲೆಕ್ಕ ಇಲ್ಲ. ನಿಜವನ್ನು ಅವಳಿಗೆ ಹಿಂದಿಯಲ್ಲಿ ಹೇಳಬೇಕು, ಅವನಿಗೆ ಕನ್ನಡದಲ್ಲಿ ಹೇಳಬೇಕು. ಎರಡೂ ನನಗೆ ಚೆನ್ನಾಗಿ ಬರುತ್ತವೆ. ಇನ್ನೂ ಉತ್ತರ ಕಳಿಸಿಲ್ಲ.